ತೆರೆ ಹಿಡಿದವನು

"ನಾನು ಕರ್ಟನ್ ಹಿಡಿಯಲ್ಲ ಅಮ್ಮಾ! ನಾನೇನು ಕಿಟಕಿಯಾ?"

ತುಷಾರ್ ಮುಖ ಊದಿಸಿಕೊಂಡು ಬ್ಯಾಕ್‌ಯಾರ್ಡಿಗೆ ಹೋದ. ಕನ್ನಡ ಸಂಘದ ಯಕ್ಷಗಾನದಲ್ಲಿ ವೇಷ ಹಾಕಬೇಕೆಂದು ಅವನಿಗೆ ತುಂಬಾ ಆಸೆಯಿತ್ತು. ಆದರೆ ಕಲಿಸುವ ಕಮಲಾಕ್ಷ ಅಂಕಲ್, ಬಬ್ರುವಾಹನನ ಪಾರ್ಟನ್ನು ತಂಗಿ ದೀಕ್ಷಿತಾಗೆ ಕೊಟ್ಟು, "ನಿನ್ನ ಕೈ ಗಟ್ಟಿ ಉಂಟಲ್ಲ ಮಾರಾಯ, ನೀನು ತೆರೆ ಹಿಡಿ" ಅಂದುಬಿಟ್ಟಿದ್ದರು. ವೇಷ ಬರುವಾಗ ಅದರ ಮುಂದೆ ಇಬ್ಬರು ಬಟ್ಟೆ ಹಿಡಿದು ನಿಲ್ಲುವುದು, ಆಮೇಲೆ ಸರಿದುಹೋಗುವುದು. ಅಷ್ಟೇ! ಅದನ್ನು ಯಾರು ನೋಡುತ್ತಾರೆ?

ಬೇಲಿಯಾಚೆ ಪಕ್ಕದ ಮನೆಯ ಸಿಯೋನೆ ಅಂಕಲ್ ಗಿಡಗಳಿಗೆ ನೀರು ಹಾಕುತ್ತಿದ್ದರು. ಬಾಗಿಲಿನಷ್ಟು ಅಗಲದ ಆಳು. ಟೋಂಗಾದಲ್ಲಿ ಹುಟ್ಟಿ, ಸಿಡ್ನಿಯಲ್ಲಿ ರಗ್ಬಿ ಆಡಿ, ಅಮೆರಿಕಕ್ಕೆ ಹೋಗಿ ಅಲ್ಲಿಯ, ಕೈಯಲ್ಲಿ ಬಾಲ್ ಹಿಡಿದು ಆಡುವ ಫುಟ್‌ಬಾಲಿನ ಟೀಮೊಂದರಲ್ಲಿ ಒಂಬತ್ತು ವರ್ಷ ಲೈನ್‌ಮ್ಯಾನ್, ಅಂದರೆ ಮುಂದಿನ ಸಾಲಿನ ಆಟಗಾರ, ಆಗಿದ್ದವರು. ಮಂಡಿ ಕೈಕೊಟ್ಟ ಮೇಲೆ ವಾಪಸ್ ಬಂದು ಸಿಡ್ನಿಯ ಈ ಸ್ಕೋಫೀಲ್ಡ್ಸ್‌ನಲ್ಲಿ ಮನೆ ಮಾಡಿದ್ದರು.

"ಅಂಕಲ್, ಆ ಫುಟ್‌ಬಾಲಲ್ಲಿ ಗೋಲ್ ಥರ ಟಚ್‌ಡೌನ್ ಅಂತ ಇರತ್ತಲ್ಲ, ನೀವು ಎಷ್ಟು ಮಾಡಿದ್ರಿ?"

"ಒಂದೂ ಇಲ್ಲ. ಮ್ಯಾಚಲ್ಲಿ ಬಾಲ್ ಮುಟ್ಟಿದ್ದೇ ಇಲ್ಲ."

"ಒಂಬತ್ತು ವರ್ಷದಲ್ಲಿ?!"

ಸಿಯೋನೆ ಅಂಕಲ್ ನಕ್ಕರು. "ಬಾಲ್ ಎಸೆಯೋ ಹುಡುಗ ನನ್ನ ಬೆನ್ನ ಹಿಂದೆ ಇರ್ತಿದ್ದ. ಅವನ ಮೇಲೆ ಬೀಳೋಕೆ ಬರೋರನ್ನ ತಡೆಯೋದು ನನ್ನ ಕೆಲಸ. ಅವನು ಏನು ಮಾಡಿದ ಅಂತಾನೂ ನನಗೆ ಕಾಣ್ತಿರಲಿಲ್ಲ."

"ಮತ್ತೆ ಗೊತ್ತಾಗ್ತಿದ್ದದ್ದು ಹೇಗೆ?"

"ಜನ ಕೂಗ್ತಿದ್ರು. ಆಗ ತಿರುಗಿ ಅವನ ಜರ್ಸಿ ನೋಡ್ತಿದ್ದೆ. ಮಣ್ಣಾಗಿಲ್ಲ ಅಂದ್ರೆ ನಂಗೆ ಖುಷಿ."

ಅವರ ಎರಡು ಬೆರಳು ಸೊಟ್ಟಗಾಗಿದ್ದವು. ಇಷ್ಟೆಲ್ಲಾ ಪೆಟ್ಟು ತಿಂದು ಬಾಲೇ ಮುಟ್ಟಲಿಲ್ಲವಲ್ಲ, ಪಾಪ, ಎಂದುಕೊಂಡ ತುಷಾರ್.

ಶನಿವಾರ ಹಾಲ್ ತುಂಬಿತ್ತು. ಸಿಯೋನೆ ಅಂಕಲ್ ಕೂಡ ಬಂದಿದ್ದರು. ತೆರೆಯ ಒಂದು ತುದಿ ಕಮಲಾಕ್ಷ ಅಂಕಲ್ ಕೈಯಲ್ಲಿ, ಇನ್ನೊಂದು ಒಲ್ಲದ ಮನಸ್ಸಿನ ತುಷಾರ್ ಕೈಯಲ್ಲಿ. ಚಂಡೆ ಜೋರಾಯಿತು.

ಟಪ್! ಬೆನ್ನ ಹಿಂದೆ ಏನೋ ಬಿತ್ತು.

"ಅಣ್ಣಾ, ನನ್ನ ಕಿರೀಟ!" ದೀಕ್ಷಿತಾ ಅಳುವ ದನಿಯಲ್ಲಿ ಪಿಸುಗುಟ್ಟಿದಳು. "ಬಿಡ್ಬೇಡ, ಪ್ಲೀಸ್!"

ಚಂಡೆಯ ಗದ್ದಲದಲ್ಲಿ ಕಮಲಾಕ್ಷ ಅಂಕಲ್‌ಗೆ ಅದು ಕೇಳಿಸಲಿಲ್ಲ. ಈಗ ಸರಿಯೋಣ ಎಂದು ಸನ್ನೆ ಮಾಡಿದರು. ತುಷಾರ್ ಬೇಡ ಎಂದು ತಲೆಯಾಡಿಸಿ, ತೆರೆಯನ್ನು ಇನ್ನೂ ಮೇಲೆತ್ತಿದ.

ಅಮ್ಮ ಒಳಗಿನಿಂದ ಓಡಿಬಂದು ತನ್ನ ಸೀರೆಯ ಪಿನ್ ಕಿತ್ತು ಕಿರೀಟಕ್ಕೆ ಚುಚ್ಚತೊಡಗಿದಳು. ಭಾಗವತರು ಹಾಡಿದ್ದನ್ನೇ ಹಾಡಿದರು. ಮುಂದಿನ ಸಾಲಿನ ಹುಡುಗನೊಬ್ಬ ತುಷಾರ್‌ನ ಕೆಂಪು ಮುಖ ನೋಡಿ ಕಿಸಕ್ಕನೆ ನಕ್ಕ. ತುಷಾರ್‌ನ ತೋಳು ಉರಿಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಆದರೂ ತೆರೆ ಒಂದಿಷ್ಟೂ ಜಾರಲಿಲ್ಲ.

"ರೆಡಿ, ಅಣ್ಣಾ."

ಅವನು ತೆರೆಯೊಂದಿಗೆ ಬದಿಗೆ ಸರಿದ. ಕತ್ತಲಲ್ಲಿ ಬಟ್ಟೆ ಮಡಚುತ್ತಿದ್ದಾಗ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದ. ದೀಕ್ಷಿತಾ ಗಿರಗಿರ ಕುಣಿಯುತ್ತಿದ್ದಳು. ಕಿರೀಟ ನೆಟ್ಟಗಿತ್ತು. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಕೈನೋವೇ ಮರೆತುಹೋಯಿತು.

ಆಟ ಮುಗಿದ ಮೇಲೆ ಎಲ್ಲರೂ ದೀಕ್ಷಿತಾಳ ಕೆನ್ನೆ ಹಿಂಡುವವರೇ. ಒಬ್ಬ ಆಂಟಿ ತುಷಾರ್‌ನನ್ನು ಕೇಳಿದರು, "ನಿಂದು ಯಾವ ಪಾರ್ಟು ಪುಟ್ಟಾ? ನಾನು ನೋಡ್ಲೇ ಇಲ್ವಲ್ಲ!"

ತುಷಾರ್ ಸಿಯೋನೆ ಅಂಕಲ್ ಕಡೆ ನೋಡಿದ. ಅವರು ಆ ಸೊಟ್ಟ ಬೆರಳಿನ ಕೈಯನ್ನು ಮೇಲೆತ್ತಿದರು.

"ನಾನು ಅವಳ ಮುಂದೆ ನಿಂತಿದ್ದೆ, ಆಂಟಿ" ಎಂದ ತುಷಾರ್.