ನಿಂತವಳನ್ನು ಕೇಳಲಿಲ್ಲ

"ಮೇಡಂ, ಒಳಗೆ ಬರಬಹುದಾ?"

ಆ ದನಿ ಕಿವಿಗೆ ಬಿದ್ದೊಡನೆ ಅವಳ ಬೆರಳ ನಡುವಿನ ಸೀಮೆಸುಣ್ಣ ಪಟಕ್ಕನೆ ಮುರಿಯಿತು.

ಮೂರು ವರ್ಷ! 'ಲೇ' ಎಂದು ಕೂಗಿ ಕರೆಯುತ್ತಿದ್ದ ಬಾಯಿ ಇಂದು 'ಮೇಡಂ' ಎನ್ನುತ್ತಿದೆ…

ಬಾಗಿಲಲ್ಲಿ ನಿಂತಿದ್ದವನು ಅವಳ ಗಂಡ, ನಗರಸಭೆಯ ಸಮೀಕ್ಷಾಧಿಕಾರಿ.

"ಬನ್ನಿ. ಹತ್ತು ನಿಮಿಷ ತಡವಾಗಿದೆ," ಎಂದಳು ತಿರುಗಿ ನೋಡದೆ.

ಊರಿನ ಆರ್ಥಿಕಾಭಿವೃದ್ಧಿಯ ಯೋಜನೆ ಬರೆಯುವ ಅಧಿಕಾರಿಗಳಿಗೆ, ಆ ಯೋಜನೆಯೊಳಗೆ ಹೆಂಗಸರ ದುಡಿಮೆಯನ್ನೂ ಕಾಣುವ ಬಗೆಯನ್ನು ಕಲಿಸುವುದು ಈಗ ಅವಳ ವೃತ್ತಿ. ಇಂದಿನ ಶಿಬಿರಕ್ಕೆ ಅವನು ಬರುವನೆಂದು ಅವಳಿಗೆ ತಿಳಿದಿತ್ತು. ತಿಳಿದೇ ಬೇರ್ಪಡುವ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಸಂಜೆಯೊಳಗೆ ಅವನ ಸಹಿ ಬಿದ್ದರೆ ಮುಗಿಯಿತು!

"ಎಲ್ಲರ ಮುಂದೆಯೂ ಒಂದು ಹಳೇ ಸಮೀಕ್ಷೆಯ ಹಾಳೆ ಇದೆ. ಹೆಸರು ಅಳಿಸಿದೀನಿ. ಇದರಲ್ಲಿ ಏನು ತಪ್ಪಿದೆ, ಹೇಳಿ."

ಹಾಳೆಯಲ್ಲಿದ್ದುದು ಮೂರೇ ಸಾಲು. ಕಸುಬು: ಪುಸ್ತಕದ ಬೈಂಡಿಂಗ್. ಯಜಮಾನ: ತಂದೆ. ಸೊಸೆ: ಕೆಲಸವಿಲ್ಲ.

ಮಾರುಕಟ್ಟೆಯ ಇನ್ಸ್‌ಪೆಕ್ಟರು ಮೀಸೆ ನೀವಿಕೊಂಡರು. "ತಪ್ಪೇನಿದೆ ಮೇಡಂ? ಕೆಲಸವೇ ಇಲ್ಲದ ಸೊಸೆ… ಪುಣ್ಯವಂತೆ! ನಮ್ಮನೆಯವಳು ಕಂಡ್ರೆ ಹೊಟ್ಟೆ ಉರ್ಕೋತಾಳೆ."

"ಸುಮ್ನಿರಿ ಅಣ್ಣಾ," ಎಂದಳು ಪರವಾನಗಿ ವಿಭಾಗದ ಗುಮಾಸ್ತೆ, "ನಿಮ್ಮನೇಲಿ ಕೆಲಸ ಇಲ್ಲದೆ ಇರೋದು ಯಾರು ಅಂತ ಅತ್ತಿಗೆ ನಂಗೆ ಹೇಳಿದಾರೆ!"

ಕೋಣೆ ಗೊಳ್ಳೆಂದು ನಕ್ಕಿತು. ನಗದಿದ್ದವರು ಇಬ್ಬರೇ.

ಕೊನೆಯ ಸಾಲಿನಲ್ಲಿ ಅವನು ಎದ್ದು ನಿಂತ.

"ಈ ಕೈಬರಹ ನಂದು."

ನಗೆ ಥಟ್ಟನೆ ಸತ್ತಿತು. ಇನ್ಸ್‌ಪೆಕ್ಟರ ಕೈ ಮೀಸೆಯ ಮೇಲೆಯೇ ಉಳಿಯಿತು.

ಅವಳು ಅಂದುಕೊಂಡಿದ್ದುದು ಹೀಗಲ್ಲ. ಅವನು ತಲೆ ತಗ್ಗಿಸಿ ಕೂರುತ್ತಾನೆ, ತಾನು ಅದನ್ನು ಕಣ್ತುಂಬ ನೋಡುತ್ತೇನೆ ಎಂದುಕೊಂಡಿದ್ದಳು.

"ಯಾರನ್ನ ಕೇಳಿ ಬರೆದ್ರಿ?" ಎಂದಳು.

"ಅಪ್ಪನ್ನ. ಬಾಗಿಲ ಹತ್ರ ಕುರ್ಚೀಲಿ ಕೂತಿದ್ರು."

"ಅವರಿಗೆ ಕಣ್ಣು ಕಾಣ್ತಿತ್ತಾ?"

"ಇಲ್ಲ. ಆರು ವರ್ಷದಿಂದ ಸೂಜಿಗೆ ದಾರ ಪೋಣಿಸೋಕೂ ಆಗ್ತಿರಲಿಲ್ಲ."

"ಮತ್ತೆ ಸೊಸೆ?"

"ಒಳಗೆ ನಿಂತು ರಟ್ಟಿಗೆ ಅಂಟು ಬಳೀತಿದ್ಲು."

"ಅವಳನ್ನ ಯಾಕೆ ಕೇಳಲಿಲ್ಲ?"

"ನಾನು ಎಲ್ಲಾ ಮನೇಲೂ ಕೂತವರನ್ನೇ ಕೇಳ್ತಿದ್ದೆ. ನಿಂತವರು ಕೆಲಸದಲ್ಲಿರ್ತಾರೆ, ಅವರಿಗ್ಯಾಕೆ ತೊಂದರೆ ಕೊಡೋದು ಅಂತ…"

ಕೆಲಸದಲ್ಲಿದ್ದಾಳೆಂದು ಕೇಳದೆ ಹೋದವನು ಕೆಲಸವಿಲ್ಲವೆಂದು ಬರೆದಿದ್ದ! ಅಧಿಕಾರಿಗಳೆಲ್ಲ ತಮ್ಮ ತಮ್ಮ ಹಾಳೆಗಳ ಮೇಲೆ ಕಣ್ಣು ನೆಟ್ಟರು. ಅವರಲ್ಲಿ ಕುರ್ಚಿಯಲ್ಲಿ ಕೂತವರನ್ನಷ್ಟೇ ಕೇಳಿ ಬರದವರು ಯಾರಿದ್ದರು?

ಆ ಮೂರು ಸಾಲುಗಳನ್ನು ನೋಡಿಯೇ ನಗರಸಭೆಯವರು ಹೊಸ ಮಾರುಕಟ್ಟೆಯ ಮಳಿಗೆಯನ್ನು ಮಾವನ ಹೆಸರಿಗೆ ಕೊಟ್ಟಿದ್ದರು. ಮಾವ ತೀರಿಕೊಂಡ ಮೇಲೆ ಅದು ಮೈದುನನ ಪಾಲಾಯಿತು. ಅವನು ಅವಳ ಬೈಂಡಿಂಗಿನ ಹೊಲಿಗೆಯ ಚೌಕಟ್ಟನ್ನೂ ಒತ್ತುಯಂತ್ರವನ್ನೂ ಬೀದಿಗಿಟ್ಟು ಮೊಬೈಲ್ ಅಂಗಡಿ ತೆರೆದ. ತಮ್ಮನಿಗೆ ಮಳಿಗೆ ದಕ್ಕಲೆಂದೇ ಗಂಡ ಹೀಗೆ ಬರೆದನೆಂದು ಬಗೆದು ಅವಳು ಅಂದೇ ಹೊಸ್ತಿಲು ದಾಟಿದ್ದಳು.

ಸಂಜೆ ಎಲ್ಲರೂ ಹೊರಟ ಮೇಲೆ ಅವನೊಬ್ಬನೇ ಉಳಿದ. ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು.

"ಸಹಿ ಹಾಕಿ."

"ಹಾಕ್ತೀನಿ. ಆದ್ರೆ ಬೇಕೂಂತ ಬರೀಲಿಲ್ಲ ಕಣೇ. ತಮ್ಮನ ಯೋಚನೆ ನನ್ನ ತಲೇಲೇ ಇರಲಿಲ್ಲ."

"ಬೇಕೂಂತ ಬರೆದಿದ್ರೆ ಒಂದಿನ ಕ್ಷಮಿಸ್ತಿದ್ನೇನೋ!" ಅವಳ ಕಣ್ಣು ತುಂಬಿತು. "ನಿಮಗೆ ನಾನು ನೆನಪಿಗೇ ಬರಲಿಲ್ವಲ್ಲಾ… ಅಂಟಿನ ಕೈಯಲ್ಲೇ ನಿಮಗೆ ನೀರು ತಂದು ಕೊಟ್ಟೆ ಅವತ್ತು. ಆ ನೀರು ಕುಡಿದು ಲೋಟ ಇಟ್ಟು 'ಕೆಲಸವಿಲ್ಲ' ಅಂತ ಬರೆದ್ರಿ."



"ಲೋಟಕ್ಕೆ ನಿನ್ನ ಬೆರಳಿನ ಗುರುತು ಅಂಟಿತ್ತು," ಎಂದ ಅವನು. "ನೀನು ಹೋದ ಮೇಲೆ ನೋಡಿದೆ. ಅಷ್ಟು ಸಲ ತೊಳೆದ್ರೂ ಹೋಗಿರಲಿಲ್ಲ, ಹಾಗೇ ಇಟ್ಟಿದೀನಿ."

'ಅಂಟಿಗಿರುವಷ್ಟು ನೆನಪು ಈ ಮನುಷ್ಯನಿಗಿರಲಿಲ್ಲವೆ?' ಎಂದುಕೊಂಡಳು.

"ಹೋದ ವರ್ಷ, ಅವತ್ತು ಸಮೀಕ್ಷೆ ಮಾಡಿದ್ದ ಬೀದಿಗೆ ಮತ್ತೆ ಹೋದೆ," ಅವನೇ ಮುಂದುವರಿಸಿದ. "ಯಾರೂ ಹೇಳಿರಲಿಲ್ಲ, ನಾನಾಗೇ ಹೋದೆ. ಕುರ್ಚಿ ದಾಟಿ ಒಳಗೆ ಹೋಗಿ ನಿಂತವರನ್ನ ಕೇಳಿದೆ. ಒಬ್ಬ ಅಜ್ಜಿ ಪೊರಕೆ ತೋರಿಸಿ, ಈ ಪ್ರಶ್ನೆ ಕೇಳೋಕೆ ಇಷ್ಟು ವರ್ಷ ಬೇಕಾಯ್ತೇನೋ ಅಂದ್ಲು. ಬೀದಿ ಪೂರ್ತಿ ತಿದ್ದಿ ಬರೆದೆ. ಒಂದು ಮನೆ ಮಾತ್ರ ಬಾಕಿ ಇದೆ."

"ಯಾರದ್ದು?"

"ನಮ್ದು."

ಅವಳು ಕಿಟಕಿಯತ್ತ ತಿರುಗಿದಳು. ಮಳಿಗೆ ಮರಳದು, ಮೂರು ವರ್ಷವೂ ಮರಳದು. ಕೆಟ್ಟ ಹೊಲಿಗೆಯ ಪುಸ್ತಕಕ್ಕೆ ಮೇಲಿಂದ ಮೇಲೆ ಹೊಲಿಗೆ ಹಾಕಲಾಗದು, ಹಳೆಯ ದಾರ ಕಿತ್ತು ಹಾಳೆ ಹಾಳೆ ಬಿಡಿಸಲೇಬೇಕು. ಅವಳ ಕೈ ಬಲ್ಲ ಮಾತದು. ಬಿಡಿಸುವಾಗ ಹರಿಯುವುದೂ ಉಂಟು.

ಸಹಿ ಬೀಳದ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಹರಿದು ಬಿಸಾಡುವಷ್ಟು ಸಿಟ್ಟಿನ್ನೂ ಇಳಿದಿರಲಿಲ್ಲ.

ಅವನು ಓಡಿಹೋಗಿ ಕುರ್ಚಿಯೊಂದನ್ನು ಎಳೆದು ತಂದ.

"ಯಾರಿಗೆ?" ಎಂದಳು.

"ನಿನಗೆ. ನಾನು ನಿಂತಿರ್ತೀನಿ."

ಅವಳು ನಿಧಾನವಾಗಿ ಕುಳಿತಳು. ಅವನು ಜೇಬಿನಿಂದ ಮಾಸಿದ ಹಾಳೆಯನ್ನೂ ಪೆನ್ನನ್ನೂ ತೆಗೆದ.

"ನೀವು… ಏನು ಕೆಲಸ ಮಾಡ್ತೀರಿ?"

"ಉದ್ದ ಇದೆ," ಎಂದಳು ಕಣ್ಣೊರೆಸಿಕೊಂಡು. "ಕಾಲು ನೋಯುತ್ತೆ ನಿಮಗೆ."

"ನೋಯಲಿ. ಹೇಳು."