ಮುನಿಶಾಮಿಯ ದನಿಯ ಹಕ್ಕುದಾರರು

ಕಂಠಪಟ್ಟಿಯ ಹಸಿರು ದೀಪ ಹೊತ್ತಿಕೊಂಡಿತು. ಮುನಿಶಾಮಿ ತುಟಿ ಆಡಿಸಿದ.

"ನಾಗವೇಣಿ, ನೀರು ಕೊಡು" ಎಂದಿತು ಪಟ್ಟಿ, ರೈಲು ನಿಲ್ದಾಣದ ಪ್ರಕಟಣೆಯಂಥ ದನಿಯಲ್ಲಿ. ಹೆಂಡತಿ ಲೋಟ ಕೊಡುತ್ತಾ ಸೆರಗು ಸರಿಮಾಡಿಕೊಂಡಳು, ಪರಗಂಡಸಿನ ಎದುರು ಮಾಡಿಕೊಳ್ಳುವಂತೆ. ಅವನು ಪಟ್ಟಿ ಬಿಚ್ಚಿ ಆಸ್ಪತ್ರೆಯ ಮಂಚದ ಮೇಲೆ ಎಸೆದ.

ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗಾಗಿ ಮಾಡಿದ ಯಂತ್ರ ಅದು. ಕತ್ತಿನ ಸ್ನಾಯುಗಳ ಮಿಡಿತವನ್ನು ಚರ್ಮದ ಮೇಲಿನಿಂದಲೇ ಓದಿ ಮಾತಾಗಿಸುತ್ತದೆ. ಆ ಮಾತು ರೋಗಿಯ ಸ್ವಂತ ದನಿಯಲ್ಲಿ ಬರಬೇಕಾದರೆ ಅವನ ಹಳೆಯ ಮಾತುಗಳಿಂದ ಒಂದು 'ಧ್ವನಿಯಚ್ಚು' ತಯಾರಿಸಬೇಕು.

ಮುನಿಶಾಮಿಯ ಹಳೆಯ ಮಾತಿಗೇನೂ ಕೊರತೆಯಿರಲಿಲ್ಲ. ಕೋಲಾರದ ಕಡೆಯ ಟೊಮೇಟೊ ಮಂಡಿಯಲ್ಲಿ ಇಪ್ಪತ್ತಾರು ವರ್ಷ ಹರಾಜು ಕೂಗಿದವನು. ಸಾವಿರಾರು ಗಂಟೆಗಳ ದಾಖಲೆಯಿತ್ತು. ಆದರೆ ಹರಾಜನ್ನು ಒಂದು ಕಂಪನಿ ವಹಿಸಿಕೊಂಡಾಗ, ಎಲ್ಲರೂ ಹಾಕುತ್ತಿದ್ದಾರೆಂದು ಅವನೂ ದನಿಯ ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದ್ದ. ಈಗ ಮಂಡಿಯಲ್ಲಿ ಯಂತ್ರ ಕೂಗುತ್ತದೆ, ಅವನದೇ ದನಿಯಲ್ಲಿ. ಅದೇ ದನಿ ಎರಡು ಕಡೆ ಇದ್ದರೆ ವ್ಯಾಪಾರಿಗಳಿಗೆ ಗೊಂದಲವಾಗುತ್ತದೆಂದು ಕಂಪನಿ ವಾದಿಸಿತು. ನ್ಯಾಯಾಲಯ ಒಪ್ಪಿ, ಆ ದಾಖಲೆಯಿಂದ ಅಚ್ಚು ಮಾಡದಂತೆ ತಡೆಯಾಜ್ಞೆ ಕೊಟ್ಟಿತು.

'ಗಂಟಲು ನನ್ನದಲ್ಲವಾ?' ಎಂದು ಅವನು ಹಲಗೆಯ ಮೇಲೆ ಬರೆದ.

"ಗಂಟಲು ನಿಮ್ಮದೇ. ಅದರಿಂದ ಬಂದದ್ದು ಅವರದು" ಎಂದರು ಡಾಕ್ಟರ್ ನಸ್ರೀನ್. ಕಂಠಪಟ್ಟಿ ರೂಪಿಸಿದ ವಿಜ್ಞಾನಿ ಅವರೇ. "ಮಂಡಿಯದ್ದು ಬಿಟ್ಟು ಬೇರೆ ಯಾವುದಾದರೂ ಧ್ವನಿಮುದ್ರಣ ಇದೆಯಾ? ಮನೆಯದ್ದು?"

"ಮನೇಲಿ ಮಾತಾಡಿದ್ರೆ ತಾನೇ ಮೇಡಂ" ಎಂದಳು ನಾಗವೇಣಿ. "ಗಂಟಲಿಗೆ ರೆಸ್ಟ್ ಬೇಕು ಅಂತ ಇಪ್ಪತ್ತಾರು ವರ್ಷ ಕೈಸನ್ನೇಲೇ ಸಂಸಾರ ಮಾಡಿದ್ರು."

ಆಗ ಹೊರಗಿನ ವರಾಂಡದಿಂದ ಒಂದು ಕೂಗು ಕೇಳಿತು: "ನೋಡ್ರಪ್ಪೋ, ಸಕ್ಕರೆಯಂಥ ಮಾಲು!" ನಾಗವೇಣಿ ಬೆಚ್ಚಿ ಗಂಡನ ಕತ್ತು ನೋಡಿದಳು. ಕೂಗಿದವನು ಅವನನ್ನು ನೋಡಲು ಬಂದಿದ್ದ ಮಂಡಿಯ ಹಮಾಲ ಬಾಷಾ, ನರ್ಸುಗಳನ್ನು ನಗಿಸುತ್ತಿದ್ದ. ಊಟದ ಹೊತ್ತಿನಲ್ಲಿ ಮುನಿಶಾಮಿಯನ್ನು ಅಣಕಿಸುವುದು ಹಮಾಲರಿಗೆ ಹಳೆಯ ಆಟ. ಅದಕ್ಕಾಗಿ ಅವನು ಎಷ್ಟೋ ಸಲ ಅವರನ್ನು ಬೈದಿದ್ದ.

ನಸ್ರೀನ್ ವಕೀಲರಿಗೆ ಫೋನ್ ಮಾಡಿದರು. ಧ್ವನಿ ಕಾಯ್ದೆಯ ಪ್ರಕಾರ ಅಣಕ ಅಣಕಿಸಿದವನ ಸ್ವತ್ತು.

ಮರುವಾರ ಹನ್ನೊಂದು ಹಮಾಲರು ಸರದಿಯಂತೆ ಮೈಕಿನ ಮುಂದೆ ಕೂತು ಮುನಿಶಾಮಿಯನ್ನು ಅಣಕಿಸಿದರು. ಒಬ್ಬೊಬ್ಬರಲ್ಲಿ ಬೇರೆಬೇರೆಯಾಗಿದ್ದುದನ್ನು ಯಂತ್ರ ಬಿಟ್ಟಿತು. ಎಲ್ಲರಲ್ಲೂ ಒಂದೇ ಆಗಿದ್ದುದನ್ನು ಉಳಿಸಿಕೊಂಡಿತು. ಹೊಸ ಅಚ್ಚನ್ನು ಪರೀಕ್ಷಿಸಿದ ಕಂಪನಿಯ ತಜ್ಞರು ತಮ್ಮ ದನಿಗೂ ಇದಕ್ಕೂ ಸಂಬಂಧವಿಲ್ಲವೆಂದು ಬರೆದುಕೊಟ್ಟರು.

ಮುನಿಶಾಮಿ ಪಟ್ಟಿ ಕಟ್ಟಿಕೊಂಡ. ಹಮಾಲರೆಲ್ಲ ಸುತ್ತ ನಿಂತಿದ್ದರು.

"ನಾನು ಇಷ್ಟು ಮೂಗಲ್ಲಿ... ಮಾತಾಡ್ತಿದ್ನೇನೋ?"

"ಇನ್ನೂ ಜಾಸ್ತಿ ಅಣ್ಣ. ನಾವೇ ಸ್ವಲ್ಪ ಕಮ್ಮಿ ಮಾಡಿದ್ದೀವಿ" ಎಂದ ಬಾಷಾ. ನಾಗವೇಣಿ ನಗುತ್ತಾ ಕಣ್ಣೊರೆಸಿಕೊಂಡಳು.

ನಸ್ರೀನ್ ಮಾತ್ರ ಪರದೆ ನೋಡುತ್ತಾ ಹುಬ್ಬು ಗಂಟಿಕ್ಕಿದರು. "ವಾಕ್ಯ ಮುಗಿಯುವ ಮೊದಲು ಒಂದು ತಡೆ ಬರುತ್ತಿದೆ. ಹನ್ನೊಂದು ಜನರಲ್ಲೂ ಇದೆ. ದೋಷ ಇರಬೇಕು, ತೆಗೆದುಬಿಡುತ್ತೇನೆ."

"ದೋಷ ಅಲ್ಲ ಮೇಡಂ" ಎಂದ ಬಾಷಾ. "ರೇಟು ಎರಡು ಸಲ ಕೂಗಿದ ಮೇಲೆ, ಮೂರನೇದು ಕೂಗೋಕೆ ಮುಂಚೆ ಅಣ್ಣ ಹಿಂಗೇ ನಿಲ್ಲಿಸೋರು. ಕೆಮ್ಮಿದಂಗೆ ಮಾಡೋರು. ಅಷ್ಟರಲ್ಲಿ ಯಾರಾದ್ರೂ ಇನ್ನೊಂದು ರೂಪಾಯಿ ಏರಿಸಲಿ, ರೈತನಿಗೆ ಸಿಗಲಿ ಅಂತ. ಈಗಿನ ಮಿಷಿನ್ನಲ್ಲಿ ಅದಿಲ್ಲ. ಸುಮ್ಮನಿದ್ದ ಹೊತ್ತನ್ನೆಲ್ಲ ಕಂಪನಿಯೋರು ದಂಡ ಅಂತ ಕತ್ತರಿಸಿ ಹಾಕಿದ್ದಾರೆ."

ಮುನಿಶಾಮಿ ತಲೆ ತಗ್ಗಿಸಿದ. ಇಪ್ಪತ್ತಾರು ವರ್ಷ ಅದು ಯಾರಿಗೂ ಗೊತ್ತಾಗಿಲ್ಲ ಎಂದೇ ಅವನು ನಂಬಿದ್ದ.

"ತೆಗೆಯಲೇ?" ಎಂದು ನಸ್ರೀನ್ ಕೇಳಿದರು.

"ಅದು ಹಂಗೇ..." ಎಂದ ಮುನಿಶಾಮಿ.

ಹನ್ನೊಂದು ಜನರೂ ಕಾದರು. ಯಾರೂ ನಡುವೆ ಬಾಯಿ ಹಾಕಲಿಲ್ಲ.

"...ಇರಲಿ."