ಅವೆಲಿನೊ ಇಳಿಸಿಹೋದದ್ದು

“ಇಲ್ಲಿಂದ ನೇರ ಮನೆಗೆ ಹೋಗಬೇಡಿ,” ಎಂದಳು ಶವಪೆಟ್ಟಿಗೆಯ ತಲೆಕಡೆ ಕೂತಿದ್ದ ಹುಡುಗಿ. ಹೃಷಿಕೇಶನ ತೋಳು ಹಿಡಿದಿದ್ದ ಅವಳ ಬೆರಳು ತಣ್ಣಗಿದ್ದವು. “ನಿಮ್ಮ ಜೊತೆ ಬಂದ ಆ ಮನುಷ್ಯನನ್ನಂತೂ ಯಾರ ಮನೆಗೂ ಕರೀಬೇಡಿ. ಲಿಗಾಯಾ ಸುಮ್ಮನೆ ಸತ್ತವಳಲ್ಲ.”

ಹೃಷಿಕೇಶನಿಗೆ ನಗು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ಕರವಸ್ತ್ರ ಬಾಯಿಗೆ ಒತ್ತಿಕೊಂಡ. ಬೆಂಗಳೂರಿನಿಂದ ಟೆಲಿಕಾಂ ಕಂಪನಿಯ ಕೆಲಸಕ್ಕೆ ನೈರೋಬಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೊಬೈಲಿನಲ್ಲೇ ದುಡ್ಡು ಕಳಿಸುವ ಇಲ್ಲಿನ ವ್ಯವಸ್ಥೆಯನ್ನು ನೋಡಲು ಫಿಲಿಪೀನ್ಸಿನಿಂದ ಬಂದ ವೃದ್ಧ ಸಂಸದ ಅವೆಲಿನೊ ಅವರನ್ನು ಸುತ್ತಾಡಿಸುವ ಹೊಣೆಯನ್ನು ಕಂಪನಿ ಅವನ ತಲೆಗೆ ಕಟ್ಟಿತ್ತು. ಸಭೆ ಮುಗಿಯುತ್ತಲೇ ಸಂಸದರು, ತಮ್ಮ ಪ್ರಾಂತ್ಯದ ಲಿಗಾಯಾ ಎಂಬ ಹೆಣ್ಣುಮಗಳೊಬ್ಬಳು ಇಲ್ಲಿ ತೀರಿಕೊಂಡಿದ್ದಾಳೆ, ಮುಖ ನೋಡಿಬರಬೇಕು ಎಂದಿದ್ದರು. ಹಾಗಾಗಿ ಇಂಡಸ್ಟ್ರಿಯಲ್ ಏರಿಯಾದ ಹಿಂಬದಿಯ ಈ ಚರ್ಚಿನ ಕೋಣೆ. ಕರಗಿದ ಮೇಣ, ಬಾಡಿದ ಹೂವು, ಅವೆರಡನ್ನೂ ಮೀರಿ ಮೂಗಿಗೆ ಅಡರುವ ಹೆಣ ಕೆಡದಂತೆ ಹಾಕಿದ ಔಷಧಿಯ ಘಾಟು.

“ಆಸ್ಪತ್ರೆ ಕೆಲಸ ಅಂತ ಈ ಸಂಸದರ ಮಾತು ನಂಬಿ ಬಂದಳು. ಇಲ್ಲಿ ಕೆಲಸವೇ ಇರಲಿಲ್ಲ,” ಹುಡುಗಿ ಪಿಸುಗುಟ್ಟಿದಳು. “ಸಾಯುವಾಗ ಹೇಳಿದಳು: ಅವನು ನನ್ನ ಹೆಣ ನೋಡಲು ಬಂದೇ ಬರ್ತಾನೆ, ಅವನ ಜೊತೆಗೇ ಹೊರಡ್ತೀನಿ, ಅವನು ಹೊಕ್ಕ ಮನೆ ಹಾಳಾಗಲಿ ಅಂತ. ಹೇಳಿ ತನ್ನ ಕೂದಲು ಕಿತ್ತು ಸುಟ್ಟಳು.”

“ಆಯ್ತಮ್ಮ, ನೋಡ್ಕೋತೀನಿ,” ಎಂದು ಹೃಷಿಕೇಶ ತೋಳು ಬಿಡಿಸಿಕೊಂಡ.

ಕಾರು ಲಾರಿಗಳ ನಡುವೆ ಸಿಕ್ಕಿಕೊಂಡಿತು. ಅವೆಲಿನೊ ಹಿಂದಿನ ಸೀಟಿನ ಒಂದು ಮೂಲೆಗೆ ಒತ್ತರಿಸಿಕೊಂಡು ಕೂತಿದ್ದರು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟಂತೆ. ಹುಡುಗಿ ಹೇಳಿದ್ದನ್ನು ಹೃಷಿಕೇಶ ತಮಾಷೆಯಾಗಿ ಎತ್ತಿದ. ಮುದುಕರು ನಗಲಿಲ್ಲ.

“ನನ್ನ ರಾಜಕೀಯವೆಲ್ಲ ಸಾವಿನ ಮನೆಗಳಲ್ಲೇ ನಡೆದದ್ದು,” ಎಂದರು. “ಊರಿನ ಮುಖಂಡನಾಗಿದ್ದಾಗಿನಿಂದ ಒಂದು ಹೆಣವನ್ನೂ ಬಿಟ್ಟವನಲ್ಲ. ಹೋಗಿ ಅಳುತ್ತಿದ್ದೆ. ವೋಟು ಬರುತ್ತಿತ್ತು. ವಾಪಸು ಬರುವಾಗ ಯಾವುದಾದರೂ ಅಂಗಡಿಗೆ ಹೊಕ್ಕು ಬರುತ್ತಿದ್ದೆ. ಸಾವಿನ ಮನೆಯಿಂದ ಬೆನ್ನು ಹತ್ತಿದ ಪ್ರೇತ ಅಲ್ಲೇ ಉಳಿಯುತ್ತಿತ್ತು. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಮೇಯರ್ ಚುನಾವಣೆಗೆ ನಿಂತಾಗ ಎದುರಾಳಿ ಗಟ್ಟಿ ಕುಳ. ಒಂದು ದಿನ ಅಂಗಡಿಗೆ ಹೋಗದೆ, ಹೆಣದ ಮುಂದಿನಿಂದ ನೇರ ಅವನ ಬಾಗಿಲಿಗೆ ಹೋದೆ. ಊಟದ ಹೊತ್ತು. ಮರ್ಯಾದೆಗೆ ಒಳಗೆ ಕರೆದ. ಹೋದೆ.”

“ಆಮೇಲೆ?”

“ಅವನ ಮಗ ತೀರಿಕೊಂಡ. ನಾನು ಮೇಯರ್ ಆದೆ.” ಮುದುಕರ ದನಿ ಇಳಿಯಿತು. “ಪ್ರಾಂತೀಯ ಮಂಡಳಿ, ಉಪಗವರ್ನರ್, ಸಂಸತ್ತು... ಪ್ರತಿ ಸಲವೂ ಒಂದು ಮನೆ.”

ಹೃಷಿಕೇಶ ಹೊಟ್ಟೆ ಹಿಡಿದುಕೊಂಡು ನಕ್ಕ. “ಸರ್, ಹಾಗಾದ್ರೆ ಇವತ್ತು ನನ್ನ ಮನೆಗೇ ಬನ್ನಿ! ನಾನಂತೂ ಎಲೆಕ್ಷನ್‌ಗೆ ನಿಲ್ಲಲ್ಲ.”

“ಬೇಡ. ಹೋಟೆಲಿನಲ್ಲಿ ಇಳಿಸಿಬಿಡಿ.”

“ಈ ಜಾಮಿನಲ್ಲಿ ಹೋಟೆಲ್ ಸೇರೋಷ್ಟರಲ್ಲಿ ನಿಮ್ಮ ಫ್ಲೈಟೇ ಹೋಗಿರುತ್ತೆ. ನಮ್ಮನೆ ಇಲ್ಲೇ ಹತ್ತಿರ. ಬನ್ನಿ ಸರ್, ಒಂದು ಲೋಟ ಫಿಲ್ಟರ್ ಕಾಫಿ ಕುಡಿಯದೆ ಹೋಗೋದುಂಟಾ?”

ಅವೆಲಿನೊ ಪಕ್ಕದ ಖಾಲಿ ಜಾಗವನ್ನು ನೋಡಿದರು. “ನೀವೇ ಕರೀತಿದ್ದೀರಿ. ನಾನು ಕೇಳಿಲ್ಲ.”

“ಅಯ್ಯೋ, ನಾನೇ ಕರೀತಿದ್ದೀನಿ, ಬನ್ನಿ!”

ಕರೆದೇ ಬಿಟ್ಟ, ಪುಣ್ಯಾತ್ಮ. ಮನೆ ಬಾಗಿಲಿಗೆ ಬಂದವರನ್ನು ಕಾಫಿ ಇಲ್ಲದೆ ಕಳಿಸಿ ಗೊತ್ತಿಲ್ಲದ ಜನ ನಾವು. ಮುದುಕರು ಸೋಫಾದ ತುದಿಯಲ್ಲಿ ಕೂತರು, ಮಗಳು ಶ್ರದ್ಧಾಳ ತಲೆ ಸವರಿದರು, ಸುಡುವ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಬರುವಾಗ ಕಾಲೆಳೆಯುತ್ತಿದ್ದವರು ಹೋಗುವಾಗ ಮೆಟ್ಟಿಲನ್ನು ಹುಡುಗರಂತೆ ಇಳಿದರು. ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಡ್ರೈವರ್ ಆಲ್ಫ್ರೆಡ್ ಹೊರಟ.

“ಸಾವಿನ ಮನೆಗೆ ಹೋಗಿದ್ರಾ?” ಎಲ್ಲಿಂದ ಬಂದರೆಂದು ಅವನು ಹೇಳುತ್ತಲೇ ಹೆಂಡತಿ ಮಧುರಾಳ ಮುಖ ಬಿಳಿಚಿಕೊಂಡಿತು. “ರೀ, ಸ್ನಾನ ಮಾಡದೆ ಮಗೂನ ಮುಟ್ಟಬೇಡಿ!”

“ನಿನ್ನದೊಂದು,” ಎನ್ನುತ್ತ ಅವನು ಶ್ರದ್ಧಾಳನ್ನು ಎತ್ತಿಕೊಂಡ. ಮೈ ಕೆಂಡವಾಗಿತ್ತು.

ಮಗಳು ಅವನ ಭುಜದಾಚೆ ಸೋಫಾವನ್ನೇ ನೋಡುತ್ತಿದ್ದಳು. “ಅಪ್ಪಾ, ವೈ ಈಸ್ ದಟ್ ಆಂಟಿ ಸ್ಟಿಲ್ ಹಿಯರ್?”

ಆಗಲೇ ಕರೆಂಟು ಹೋಯಿತು.

ಮುಸ್ಸಂಜೆಯ ಬೆಳಕು ಕಿಟಕಿಯಲ್ಲೇ ನಿಂತಿತು. ಒಳಗೆ ಕತ್ತಲು. ಮೇಣದ ವಾಸನೆ. ಮನೆಯಲ್ಲಿ ಯಾರೂ ಮೇಣದ ಬತ್ತಿ ಹಚ್ಚಿರಲಿಲ್ಲ. ಆಮೇಲೆ ಸುಟ್ಟ ಕೂದಲಿನ ವಾಸನೆ. ಸೋಫಾದ ಸ್ಪ್ರಿಂಗು ಕಿರುಗುಟ್ಟಿತು. ಯಾರೋ ಎದ್ದರು. ಒದ್ದೆ ಪಾದಗಳ ಸದ್ದು. ಹತ್ತಿರ. ಇನ್ನೂ ಹತ್ತಿರ. ಮಗುವಿನ ಕಣ್ಣಾಲಿ ಮೇಲಕ್ಕೆ ಸಿಕ್ಕಿಕೊಂಡವು. ಉಸಿರು ಗೊರಗೊರ ಎನ್ನತೊಡಗಿತು. ಮಧುರಾ ಚೀರಿದಳು. ಆಸ್ಪತ್ರೆಗೆಂದು ಕರೆದ ಟ್ಯಾಕ್ಸಿ ಜಾಮಿನಲ್ಲಿ ಅಲುಗದೆ ನಿಂತಿತ್ತು. ಹೃಷಿಕೇಶ ಅವೆಲಿನೊಗೆ ಫೋನ್ ಮಾಡಿದ.

“ನನ್ನ ಮಗು ಸಾಯ್ತಿದೆ! ವಾಪಸ್ ಬಂದು ಕರ್ಕೊಂಡು ಹೋಗಿ!”

“ನಾನು ಬಂದರೆ ಅವಳು ನನ್ನನ್ನೂ ಮಗುವನ್ನೂ ತಿಂತಾಳೆ,” ದನಿ ತಣ್ಣಗಿತ್ತು. “ಶಾಪ ಹೊತ್ತವಳು ಅಂಗಡಿಯಲ್ಲಿ ನಿಲ್ಲಲ್ಲ. ಅವಳಿಗೆ ಮನೆಯೇ ಬೇಕು. ಬಾ ಅಂತ ಹೇಳಿ ಹೊರಡಿ, ನಿಮ್ಮ ಹಿಂದೆ ಬರ್ತಾಳೆ. ಇನ್ನೊಬ್ಬರ ಬಾಗಿಲಿಗೆ ಹೋಗಿ. ಅವರಾಗಿಯೇ ಕರೀಬೇಕು.”

“ನಿಮ್ಮನ್ನು ನಂಬಿ ಕರೆದೆನಲ್ಲ ಸರ್!”

ಫೋನ್ ಕಟ್ಟಾಯಿತು.

ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಹೃಷಿಕೇಶ ಮಗುವನ್ನು ಮಧುರಾಳ ಕೈಗಿತ್ತ. ಕತ್ತಲ ಕಡೆ ತಿರುಗಿ, “ಬಾ,” ಎಂದ. ಕತ್ತಿನ ಹಿಂದೆ ತಣ್ಣನೆಯ ಉಸಿರು ತಾಗಿತು.

ಮೆಟ್ಟಿಲಿಳಿದ. ಹಿಂದೆ ಪಚಕ್, ಪಚಕ್ ಹೆಜ್ಜೆ. ದೂರ ಹೋಗಬೇಕು, ಗುರುತಿಲ್ಲದ ಯಾರದಾದರೂ ಬಾಗಿಲಿಗೆ ಹೋಗಬೇಕು ಎಂದುಕೊಂಡ. ಕೆಳಗಿನ ಮಹಡಿಯಲ್ಲೇ ಬಾಗಿಲು ತೆರೆಯಿತು. ಔಷಧಿ ಫ್ಯಾಕ್ಟರಿಯ ಮ್ಯಾನೇಜರ್ ಲಕ್ಷ್ಮೀಶ, ಕೈಯಲ್ಲಿ ಟಾರ್ಚು. ಹೃಷಿಕೇಶ ಇಲ್ಲಿಗೆ ಬಂದ ಮೊದಲ ವಾರ ಗ್ಯಾಸಿನಿಂದ ಹಿಡಿದು ಅಕ್ಕಿಯವರೆಗೆ ಎಲ್ಲ ಹೊಂದಿಸಿಕೊಟ್ಟ ಮನುಷ್ಯ.

“ಏನ್ರೀ ಹೃಷಿಕೇಶ್, ಮೇಲೆ ಏನೋ ಕಿರುಚಾಟ? ಮುಖ ಯಾಕ್ರೀ ಹೀಗಾಗಿದೆ? ಬನ್ನಿ, ಒಳಗೆ ಬನ್ನಿ, ಮೊದಲು ನೀರು ಕುಡೀರಿ.”

ಒಳಗಿನಿಂದ ಸಾಂಬ್ರಾಣಿ ಹೊಗೆಯ ವಾಸನೆ ಬರುತ್ತಿತ್ತು. ಲಕ್ಷ್ಮೀಶನ ಹೆಂಡತಿ ಹರ್ಷಿತಾ ಬಾಣಂತಿ. ಎಳೆಕೂಸಿಗೆ ಲಾಲಿ ಹಾಡುತ್ತಿದ್ದಳು. ಕರೀಬೇಡಿ, ಬಾಗಿಲು ಹಾಕ್ಕೊಳ್ಳಿ ಎಂದು ಹೇಳಬೇಕಿತ್ತು. ಹೇಳಲು ಬಾಯಿಯನ್ನೂ ತೆರೆದ. ಮೇಲಿನಿಂದ ಮಧುರಾ, “ರೀ, ಉಸಿರಾಡ್ತಿಲ್ಲ!” ಎಂದು ಕೂಗಿದಳು.

ಹೃಷಿಕೇಶ ಹೊಸ್ತಿಲು ದಾಟಿದ.

ಲಕ್ಷ್ಮೀಶ ಕೊಟ್ಟ ನೀರು ಕುಡಿಯುವಷ್ಟರಲ್ಲಿ ಫೋನ್ ಬಂತು. “ರೀ, ಕಣ್ಣು ಬಿಟ್ಟಳು! ಅಮ್ಮಾ ಅಂದಳು! ಮೈ ತಣ್ಣಗಾಗಿದೆ ಕಣ್ರೀ!” ಮಧುರಾ ಬಿಕ್ಕುತ್ತಿದ್ದಳು. ಹೃಷಿಕೇಶನಿಗೂ ಅಳು ಒತ್ತರಿಸಿ ಬಂತು. ಲಕ್ಷ್ಮೀಶ ಅವನ ಬೆನ್ನು ಸವರಿ, “ಅಬ್ಬಾ, ದೊಡ್ಡ ಗಂಡಾಂತರ ಕಳೀತು ಬಿಡಿ,” ಎಂದ.

ಒಳಕೋಣೆಯಲ್ಲಿ ಲಾಲಿ ನಿಂತಿತು.

“ರೀ, ಸ್ವಲ್ಪ ಇಲ್ಲಿ ಬನ್ನಿ,” ಹರ್ಷಿತಾಳ ದನಿ. “ಪಾಪು ಮೈ ಯಾಕೋ ಸುಡ್ತಿದೆ.”

ಲಕ್ಷ್ಮೀಶ ಟಾರ್ಚು ಹಿಡಿದು ಒಳಗೆ ಓಡಿದ. ಹೃಷಿಕೇಶ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, ಹಿಂದೆ ತಿರುಗಿ ನೋಡದೆ ಮೆಟ್ಟಿಲು ಹತ್ತಿದ.